ಬೇಡವಾದ ನಾಯಿಮರಿ: ಮನೆಗೆ ತರುವುದೇ, ಕೆಲವು ವಾರ ಇಟ್ಟುಕೊಳ್ಳುವುದೇ, ಇದ್ದ ಮನೆಯಲ್ಲೇ ಉಳಿಸುವುದೇ?

ಪರಿಚಯದವರ ಮನೆಯಲ್ಲಿ ಎರಡು ಮೂರು ತಿಂಗಳ ನಾಯಿಮರಿಯೊಂದಿರುತ್ತದೆ. ಮಕ್ಕಳ ಹಟಕ್ಕೆ ತಂದಿರುತ್ತಾರೆ, ಇಲ್ಲವೇ ಹುಟ್ಟುಹಬ್ಬಕ್ಕೆಂದು ಯಾರೋ ತಂದುಕೊಟ್ಟಿರುತ್ತಾರೆ. ಕೆಲವೇ ವಾರಗಳಲ್ಲಿ ಅದು ಆ ಮನೆಗೆ ಭಾರವಾದಾಗ, ನಾಯಿಗಳ ಮೇಲೆ ಜೀವ ಇಟ್ಟುಕೊಂಡಿರುವ ನಿಮ್ಮ ನೆನಪು ಅವರಿಗೆ ಬರುತ್ತದೆ. “ನೀವಾದ್ರೂ ಒಯ್ರಿ ಅಕ್ಕಾರ, ಇಲ್ಲಂದ್ರ ಎಲ್ಲ್ಯಾರ ಬಿಟ್ಟು ಬರಬೇಕಾಗ್ತದ” ಎಂದು ಅವರು ಹೇಳಿದಾಗ, ಆ ಮಾತಿನ ಎರಡನೆಯ ಅರ್ಧವೇ ನಮ್ಮನ್ನು ಕಟ್ಟಿಹಾಕುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಸತಿ, ಶಕ್ತಿನಗರದ ಕ್ವಾರ್ಟರ್ಸ್, ಹಟ್ಟಿ ಚಿನ್ನದ ಗಣಿಯ ಕಾಲೋನಿ ಮುಂತಾದ, ಕೆಲಸಕ್ಕೆಂದು ಬಂದು ವರ್ಗವಾಗಿ ಹೋಗುವ ಕುಟುಂಬಗಳಿರುವ ಕಡೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಗಂಗಾವತಿ, ಸಿಂಧನೂರು, ಕೊಪ್ಪಳಗಳ ಬಾಡಿಗೆ ಮನೆಗಳಲ್ಲಿಯೂ ಇದು ಅಪರೂಪವಲ್ಲ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಯೋಚಿಸುವುದು ‘ತರಬೇಕೋ, ಬೇಡವೋ’ ಎಂಬ ಎರಡೇ ದಾರಿಗಳಲ್ಲಿ. ನನ್ನ ದೃಷ್ಟಿಯಲ್ಲಿ ಕನಿಷ್ಠ ಐದು ದಾರಿಗಳಿವೆ: ಮರಿಯನ್ನು ಈಗಿರುವ ಮನೆಯಲ್ಲಿಯೇ ಉಳಿಸಲು ನೆರವಾಗುವುದು, ಕೆಲವು ವಾರ ಇಟ್ಟುಕೊಂಡು ಬೇರೆ ಮನೆ ಹುಡುಕಿಕೊಡುವುದು, ಶಾಶ್ವತವಾಗಿ ತಂದುಕೊಳ್ಳುವುದು, ಹೊಲದ ಮನೆಗೆ ಕೊಡಿಸುವುದು, ಹಾಗೂ ನಿರಾಕರಿಸಿಯೂ ಮರಿ ಬೀದಿಪಾಲಾಗದಂತೆ ನೋಡಿಕೊಳ್ಳುವುದು. ಇವುಗಳಲ್ಲಿ ಯಾವುದು ಸರಿ ಎಂಬುದನ್ನು ಕನಿಕರವೊಂದೇ ತೀರ್ಮಾನಿಸಲಾರದು. ಮುಂದಿನ ಹತ್ತು ಹನ್ನೆರಡು ವರ್ಷ ಆ ಮರಿಯ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ ಎಂಬುದೇ ಅದನ್ನು ತೀರ್ಮಾನಿಸಬೇಕು.

ಮೊದಲು ಅಳೆದು ನೋಡಬೇಕಾದ ಸಂಗತಿಗಳು

ಎಲ್ಲಕ್ಕಿಂತ ಮೊದಲನೆಯದು ಮಧ್ಯಾಹ್ನದ ಹೊತ್ತು. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ ಊಟ ಬೇಕು. ಮೂರು ತಿಂಗಳು ದಾಟಿದ ಮೇಲೆ ಮೂರು ಸಲ, ಆರು ತಿಂಗಳಾದ ಮೇಲೆ ಎರಡು ಸಲ ಸಾಕು. ಮಲಗಿ ಎದ್ದಾಗ, ಉಂಡಾದ ಮೇಲೆ, ಆಡಿ ದಣಿದ ಮೇಲೆ ಅದು ಉಚ್ಚೆ ಹೊಯ್ಯಲೇಬೇಕು. ಎರಡು ಮೂರು ತಾಸಿಗಿಂತ ಹೆಚ್ಚು ಹೊತ್ತು ತಡೆದುಕೊಳ್ಳುವ ಶಕ್ತಿ ಆ ವಯಸ್ಸಿನ ದೇಹಕ್ಕೆ ಬಂದಿರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಬಿದ್ದು ಸಂಜೆ ಆರಕ್ಕೆ ತೆಗೆಯುವ ಮನೆಯಲ್ಲಿ, ಎಷ್ಟೇ ಪ್ರೀತಿಯಿದ್ದರೂ, ಮರಿಯ ಹಗಲು ಹಸಿವು, ಹೊಲಸು ಮತ್ತು ಒಂಟಿತನದಲ್ಲಿಯೇ ಕಳೆಯುತ್ತದೆ. ಅಜ್ಜಿಯೋ, ಮನೆಯಿಂದಲೇ ಕೆಲಸ ಮಾಡುವವರೋ, ಮಧ್ಯಾಹ್ನ ಊಟಕ್ಕೆ ಬಂದು ಹೋಗುವವರೋ ಇದ್ದರೆ ಲೆಕ್ಕವೇ ಬೇರೆ.

ಎರಡನೆಯದು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿ, ರಾಯಚೂರುಗಳ ತಾಪಮಾನ 40 ಡಿಗ್ರಿ ದಾಟುವುದು ಯಾರಿಗೂ ಹೊಸ ಸುದ್ದಿಯಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಗಳಲ್ಲಿ ಒಂದಿಷ್ಟು ಬೆವರು ಬರುವುದನ್ನು ಬಿಟ್ಟರೆ, ನಾಲಿಗೆ ಚಾಚಿ ತೇಕುವುದೊಂದೇ ಅದು ಮೈ ತಂಪು ಮಾಡಿಕೊಳ್ಳುವ ದಾರಿ. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41ನ್ನು ದಾಟಿದರೆ ಜೀವಕ್ಕೇ ಅಪಾಯ. ಆದ್ದರಿಂದ ನಿಮ್ಮ ಮನೆಯಲ್ಲಿ ಹಗಲೆಲ್ಲ ನೆರಳಿರುವ, ಗಾಳಿಯಾಡುವ ಜಾಗ ಇದೆಯೇ ಎಂಬುದು ಸೌಕರ್ಯದ ಪ್ರಶ್ನೆಯಲ್ಲ, ಬದುಕಿನ ಪ್ರಶ್ನೆ. ಫರ್ಸಿ ಕಲ್ಲು ಹಾಸಿದ ಪಡಸಾಲೆ, ಬೇವಿನ ಗಿಡದ ಅಡಿ, ಕೂಲರ್ ಇರುವ ಕೋಣೆ ಇವು ನಡೆಯುತ್ತವೆ. ತಗಡಿನ ಶೆಡ್ಡು, ಆರ್‌ಸಿಸಿ ಮಾಳಿಗೆಯ ಮೇಲಿನ ಗೂಡು, ಮುಚ್ಚಿದ ಬಾಲ್ಕನಿ ಇವು ನಡೆಯುವುದಿಲ್ಲ.

ಮೂರನೆಯದು ಹಣ. ಇದನ್ನು ಎರಡು ಭಾಗ ಮಾಡಿ ನೋಡಬೇಕು. ತಿಂಗಳು ತಿಂಗಳು ತಗಲುವ ಖರ್ಚಿನಲ್ಲಿ ದೊಡ್ಡದು ಆಹಾರ: ಬೆಳೆದು 30 ಕಿಲೋ ತೂಗುವ ಲ್ಯಾಬ್ರಡಾರ್ ನಾಯಿಗೆ ಅಂಗಡಿಯ ಒಣ ಆಹಾರವನ್ನೇ ಹಾಕುವುದಾದರೆ ತಿಂಗಳಿಗೆ ಸುಮಾರು 10 ಕಿಲೋ ಬೇಕಾಗುತ್ತದೆ, 15 ಕಿಲೋದ ನಾಡುನಾಯಿಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ನಿಮ್ಮೂರಿನ ಅಂಗಡಿಯ ದರದಿಂದ ಗುಣಿಸಿ ನೋಡಿದರೆ ನಿಜವಾದ ಅಂಕಿ ಸಿಗುತ್ತದೆ. ಅನ್ನ, ಮೊಟ್ಟೆ, ಬೇಯಿಸಿದ ಕೋಳಿ, ಜೋಳದ ನುಚ್ಚು, ಸ್ವಲ್ಪ ಮೊಸರು ಸೇರಿಸಿ ಮನೆಯಲ್ಲಿಯೇ ಮಾಡಿ ಹಾಕಿದರೆ ಖರ್ಚು ಇಳಿಯುತ್ತದೆ. ಆದರೆ ಅನ್ನ, ರೊಟ್ಟಿಗಳಷ್ಟರಿಂದಲೇ ಬೆಳೆಯುವ ಮರಿಯ ಎಲುಬು ಗಟ್ಟಿಯಾಗುವುದಿಲ್ಲ, ಆದ್ದರಿಂದ ವೈದ್ಯರ ಸಲಹೆ ಪಡೆಯಬೇಕು. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಎರಡನೆಯ ಭಾಗ ತುರ್ತು ಖರ್ಚು: ಲಸಿಕೆಯಾಗದ ಮರಿಗೆ ಪಾರ್ವೊ (ವಾಂತಿ, ರಕ್ತಭೇದಿ ತರುವ ಅಂಟುರೋಗ) ಬಂದರೆ ದಿನಗಟ್ಟಲೆ ಸಲೈನ್, ಚುಚ್ಚುಮದ್ದು ಬೇಕಾಗಿ ಹಲವು ಸಾವಿರ ರೂಪಾಯಿ ಹೋಗಬಹುದು. ತಿಂಗಳ ಖರ್ಚು ಹೊಂದಿಸಬಲ್ಲೆವು, ಆದರೆ ಒಂದು ತುರ್ತು ಚಿಕಿತ್ಸೆಗೆ ಬದಿಗಿಡಲು ಹಣವಿಲ್ಲ ಎನ್ನುವ ಮನೆ ಪೂರ್ತಿ ಲಸಿಕೆಯಾದ ಮರಿಯನ್ನು ಮಾತ್ರ ಒಪ್ಪಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು ಮನೆಯವರ ಒಪ್ಪಿಗೆ. ಸಾಮಾನ್ಯ ಗಾತ್ರದ ನಾಯಿ ಹತ್ತರಿಂದ ಹದಿಮೂರು ವರ್ಷ ಬದುಕುತ್ತದೆ. ಇಂದು ಐದನೆಯ ತರಗತಿಯಲ್ಲಿರುವ ಮಗ ಪದವಿ ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಅದಕ್ಕೆ ನೀರಿಡುವವರು ಯಾರೆಂಬುದು ಇವತ್ತೇ ಗೊತ್ತಿರಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಬೇಕು. ಮರಿ ತಂದ ಮೇಲೆ ಹೇಳಿದರಾಯಿತು ಎಂದುಕೊಂಡ ಮನೆಗಳಿಂದಲೇ ಮರಿಗಳು ಎರಡನೆಯ ಸಲ ಬೇಡವಾಗಿ ಹೊರಬೀಳುವುದು.

ಅವರಿಗೆ ಮರಿ ಬೇಡವಾದದ್ದು ಏಕೆ?

ಈ ಪ್ರಶ್ನೆಯನ್ನು ಕೇಳದೆ ಯಾವ ನಿರ್ಧಾರವನ್ನೂ ಮಾಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳುವಾಗ ಆಕ್ಷೇಪಣೆಯ ದನಿ ಬೇಡ. ಆ ಮನೆಯವರು ಈಗಾಗಲೇ ನಾಚಿಕೆಯಲ್ಲಿರುತ್ತಾರೆ, ಬೈದರೆ ನಿಜವನ್ನು ಮುಚ್ಚಿಡುತ್ತಾರೆ. “ಕಚ್ಚತದ್ರಿ, ಎಲ್ಲಾ ಕಡೆ ಹೊಲಸು ಮಾಡ್ತದ, ರಾತ್ರಿಯೆಲ್ಲಾ ಅಳ್ತದ, ಚಪ್ಪಲಿ ಉಳಿಸೋದಿಲ್ಲ” ಎಂಬ ನಾಲ್ಕು ದೂರುಗಳೇ ಹೆಚ್ಚಿನವು. ಈ ನಾಲ್ಕೂ ಮರಿಯ ದೋಷಗಳಲ್ಲ, ಮರಿಯ ವಯಸ್ಸಿನ ಲಕ್ಷಣಗಳು. ನಾಲ್ಕನೆಯ ತಿಂಗಳಿಂದ ಆರು ಏಳನೆಯ ತಿಂಗಳವರೆಗೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವ ಕಾಲದಲ್ಲಿ ವಸಡು ತುರಿಸುವುದರಿಂದ ಅದು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಮೈಗೆ ಅಂಟಿಕೊಂಡು ಮಲಗಿದ ಜೀವ ಕತ್ತಲೆಯಲ್ಲಿ ಒಂಟಿಯಾಗಿ ಬಿದ್ದಾಗ ಅಳುತ್ತದೆ. ಇವೆಲ್ಲ ಸರಿಯಾದ ನಡವಳಿಕೆ ಕಲಿಸಿದರೆ ಕೆಲವೇ ತಿಂಗಳಲ್ಲಿ ಕಳೆದುಹೋಗುವಂಥವು.

ಇದಕ್ಕಿಂತ ಬೇರೆಯದು ಪರಿಸ್ಥಿತಿ ಬದಲಾದ ಮನೆ: ವರ್ಗಾವಣೆ, ಹಾಸಿಗೆ ಹಿಡಿದ ಹಿರಿಯರು, ಮಗುವಿಗೆ ಉಬ್ಬಸ, ಮನೆ ಮಾಲೀಕರ ತಗಾದೆ. ಅಲ್ಲಿ ಬುದ್ಧಿವಾದದಿಂದ ಪ್ರಯೋಜನವಿಲ್ಲ. ಮೂರನೆಯ ಬಗೆ, ಮರಿ ಕಾಯಿಲೆ ಬಿದ್ದಿರುವುದರಿಂದಲೇ ಕೈಬಿಡಲು ಹೊರಟಿರುವುದು. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಆದ್ದರಿಂದ ಕಣ್ಣಿನಿಂದ ಕಂಡುಕೊಳ್ಳಬೇಕು.

ಹೋದಾಗ ಮರಿಯನ್ನು ಅಲ್ಲಿಯೇ ತೊಡೆಯ ಮೇಲಿಟ್ಟುಕೊಂಡು ನೋಡಿ. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ವಸಡು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ, ಜಂತುಹುಳುವೋ ಉಣ್ಣಿಯೋ ಅದನ್ನು ಹೀರುತ್ತಿರಬಹುದು. ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಕೂಡಲೇ ಕೆಳಗಿಳಿಯದೆ ಹಾಗೆಯೇ ನಿಂತರೆ ಮೈಯಲ್ಲಿ ನೀರಿನ ಅಂಶ ಇಳಿದಿದೆ. ಕೈಕಾಲು ಸಣ್ಣದಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತಿನ ಲಕ್ಷಣ. ಬೆರಳುಗಳ ಸಂದಿ ಮತ್ತು ಕಿವಿಯ ಒಳಮಡಿಕೆಯಲ್ಲಿ ಉಣ್ಣಿಗಳಿವೆಯೇ, ಬಾಲದಡಿಯಲ್ಲಿ ಭೇದಿಯ ಅಂಟು ಇದೆಯೇ, ಕಣ್ಣು ಮೂಗುಗಳಲ್ಲಿ ಹಳದಿ ಪಿಸುರು ಕಟ್ಟಿದೆಯೇ ಎಂದು ನೋಡಿ. ವಾಂತಿಯ ಜೊತೆ ರಕ್ತಭೇದಿ, ಊಟದ ವಾಸನೆಗೂ ತಲೆ ಎತ್ತದಿರುವುದು ಇವು ಕಂಡರೆ ಮಾತುಕತೆ ಆಮೇಲೆ, ಆಸ್ಪತ್ರೆ ಮೊದಲು.

ಇದ್ದ ಮನೆಯಲ್ಲಿಯೇ ಉಳಿಸುವುದು

ದೂರು ಮರಿಯ ವಯಸ್ಸಿನದ್ದಾಗಿದ್ದು, ಮನೆಯಲ್ಲಿ ಒಬ್ಬರಿಗಾದರೂ ಅದರ ಮೇಲೆ ಮಮತೆ ಇದ್ದರೆ, ನಾನು ಮೊದಲು ಸೂಚಿಸುವುದು ಇದನ್ನೇ. ಇದಕ್ಕೆ ನಿಮ್ಮಿಂದ ಹೋಗುವುದು ಮೂರು ನಾಲ್ಕು ವಾರಗಳ ಗಮನ ಮಾತ್ರ. ಉಂಡ ಕೂಡಲೇ, ಮಲಗಿ ಎದ್ದ ಕೂಡಲೇ ಒಂದೇ ಜಾಗಕ್ಕೆ ಕರೆದೊಯ್ದು, ಅಲ್ಲಿ ಹೊಯ್ದಾಗ ಹೊಗಳುವುದನ್ನು ಮಾಡಿ ತೋರಿಸಿ. ಹೊಲಸು ಮಾಡಿದ ಜಾಗಕ್ಕೆ ಮೂಗು ಒರೆಸುವುದರಿಂದ ಮರಿ ಕಲಿಯುವುದು ಮನುಷ್ಯರ ಭಯವನ್ನೇ ಹೊರತು ಶುಚಿತ್ವವನ್ನಲ್ಲ ಎಂಬುದನ್ನು ಮನಗಾಣಿಸಿ. ಕೈ ಕಚ್ಚಿದಾಗ ಆಟ ನಿಲ್ಲಿಸಿ ಎದ್ದು ಹೋಗುವುದು, ಕಡಿಯಲು ಗಟ್ಟಿ ರಬ್ಬರಿನ ಆಟಿಕೆಯನ್ನೋ ಒದ್ದೆ ಮಾಡಿ ತಂಪಾಗಿಸಿದ ಬಟ್ಟೆಯ ಗಂಟನ್ನೋ ಕೊಡುವುದು, ರಾತ್ರಿ ಮನೆಯವರ ಮಂಚದ ಹತ್ತಿರವೇ ಮಲಗಿಸುವುದು ಇಷ್ಟರಿಂದಲೇ ಎಷ್ಟೋ ಮನೆಗಳ ನಿದ್ದೆ ಮರಳುತ್ತದೆ. ಲಸಿಕೆಗೆ ಒಮ್ಮೆ ನೀವೇ ಜೊತೆಗೆ ಹೋಗಿ ಬನ್ನಿ. ಬಟ್ಟಲಲ್ಲಿ ಹಸುವಿನ ಹಾಲಿಗೆ ಬಿಸ್ಕತ್ತು ಅದ್ದಿ ಮೂರು ಹೊತ್ತೂ ಅದನ್ನೇ ಇಡುವ ರೂಢಿ ನಮ್ಮ ಕಡೆ ಬಹಳ. ಅದರಿಂದ ಭೇದಿಯಾಗಿ, ಆ ಭೇದಿಯೇ ‘ಈ ನಾಯಿ ಬ್ಯಾಡ’ ಎನ್ನಲು ಕಾರಣವಾಗಿರುತ್ತದೆ. ಊಟ ಬದಲಿಸಿದ ಕೆಲವೇ ದಿನಗಳಲ್ಲಿ ಮನೆಯವರ ಮನಸ್ಸೂ ಬದಲಾಗುವುದುಂಟು.

ಈ ದಾರಿಯಲ್ಲಿ ಹಣ ಅತ್ಯಂತ ಕಡಿಮೆ, ಮರಿಗೆ ಮನೆ ಬದಲಿಸುವ ಆಘಾತವೂ ಇಲ್ಲ. ಆದರೆ ಮರಿಯನ್ನು ಹೊಡೆಯುತ್ತಿದ್ದರೆ, ಬಿಸಿಲಲ್ಲಿ ಕಟ್ಟುತ್ತಿದ್ದರೆ, ಅಥವಾ ಮಗುವೊಂದನ್ನು ಬಿಟ್ಟು ಉಳಿದವರೆಲ್ಲ ಅದನ್ನು ದ್ವೇಷಿಸುತ್ತಿದ್ದರೆ ಅಲ್ಲಿ ಕಾಯುತ್ತ ಕೂರುವುದು ಮರಿಗೆ ಮಾಡುವ ಅನ್ಯಾಯ. ಒಂದು ಅಪವಾದ ನೆನಪಿರಲಿ: ಎಂಟು ವಾರ ತುಂಬದ ಮರಿ ಇನ್ನೂ ತಾಯಿಯ ಜೊತೆಯಲ್ಲಿದ್ದರೆ ಮನೆಯವರ ಅವಸರಕ್ಕೆ ಮಣಿಯಬೇಡಿ. ಎಂಟು ವಾರದೊಳಗಿನ ಮರಿಯನ್ನು ಮಾರುವುದನ್ನು 2017ರ ಕೇಂದ್ರದ ನಿಯಮಗಳು ನಿಷೇಧಿಸುತ್ತವೆ. ಮಾರಾಟವಲ್ಲದಿದ್ದರೂ ಅದರ ಹಿಂದಿನ ಕಾರಣ ಒಂದೇ, ಆ ವಾರಗಳಲ್ಲಿ ಮರಿ ತಾಯಿಯಿಂದಲೇ ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಕಲಿಯುತ್ತದೆ.

ಕೆಲವು ವಾರ ಇಟ್ಟುಕೊಂಡು ಮನೆ ಹುಡುಕುವುದು

ಆ ಮನೆಯಲ್ಲಿ ಉಳಿಸಲಾಗದು, ನಿಮಗೆ ಶಾಶ್ವತವಾಗಿ ಇಟ್ಟುಕೊಳ್ಳಲೂ ಆಗದು ಎಂದಾಗ ಇದು ಗೌರವಯುತವಾದ ದಾರಿ. ಆದರೆ ಇದಕ್ಕೆ ಗಡುವು ಬೇಕು. ಗಡುವಿಲ್ಲದ ತಾತ್ಕಾಲಿಕ ಆಶ್ರಯ, ಯಾರೂ ತೀರ್ಮಾನಿಸದೆಯೇ ಶಾಶ್ವತವಾಗಿಬಿಡುತ್ತದೆ, ಅಥವಾ ಎಂಟು ತಿಂಗಳ, ಯಾರಿಗೂ ಬೇಡದ ದೊಡ್ಡ ನಾಯಿಯಾಗಿ ಮುಗಿಯುತ್ತದೆ. ಮರಿಗೆ ಮೂರರಿಂದ ಸುಮಾರು ಹದಿನಾಲ್ಕು ವಾರದವರೆಗಿನ ಕಾಲ ಜನ, ಸದ್ದು, ವಾಹನ, ಬೇರೆ ಪ್ರಾಣಿಗಳಿಗೆ ಹೆದರದೆ ಹೊಂದಿಕೊಳ್ಳುವ ಕಾಲ. ಆ ಕಾಲದೊಳಗೆ ಹೊಸ ಮನೆ ಸೇರಿದರೆ ಎಲ್ಲರಿಗೂ ಸುಲಭ.

ನಿಮ್ಮ ಮನೆಯಲ್ಲಿ ಈಗಾಗಲೇ ನಾಯಿಯಿದ್ದರೆ ಹೊಸ ಮರಿಯನ್ನು ಕನಿಷ್ಠ ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿಡಿ; ಬಟ್ಟಲು, ಹಾಸು, ಪೊರಕೆ ಎಲ್ಲವೂ ಬೇರೆ ಇರಲಿ. ಪಾರ್ವೊ ವೈರಾಣು ಚಪ್ಪಲಿಯ ಅಡಿಯಲ್ಲಿಯೂ ಬರುತ್ತದೆ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲಿಗೆ ಸಾಯುತ್ತದೆಂದು ನೆಚ್ಚುವಂತಿಲ್ಲ. ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣವನ್ನು ಮೂವತ್ತು ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಿ ಹತ್ತು ನಿಮಿಷ ನೆಲದ ಮೇಲೆ ಬಿಡಬೇಕು. ಮನೆಯ ಹಳೆಯ ನಾಯಿಗೆ ಲಸಿಕೆ ತಪ್ಪಿಹೋಗಿದ್ದು, ಬೇರೆ ಕೋಣೆಯೂ ಇಲ್ಲದಿದ್ದರೆ ಈ ದಾರಿಯನ್ನು ಆರಿಸಬೇಡಿ. ಹೊಸ ಜೀವ ಉಳಿಸಲು ಹೋಗಿ ಇದ್ದ ಜೀವವನ್ನು ಪಣಕ್ಕಿಡುವ ಹಕ್ಕು ನಮಗಿಲ್ಲ.

ಖರ್ಚಿನ ವಿಷಯದಲ್ಲಿ ಸಂಕೋಚ ಬೇಡ. ಮರಿಯನ್ನು ಕೊಡುವವರು ಲಸಿಕೆ ಮತ್ತು ಆಹಾರದ ವೆಚ್ಚ ಹೊರಲಿ, ನೀವು ಜಾಗ ಮತ್ತು ಸಮಯ ಕೊಡಿ ಎಂಬ ಒಪ್ಪಂದ ನ್ಯಾಯವಾದದ್ದು. ಅವರೇ ದುಡ್ಡು ಕೊಟ್ಟು ತಂದ ತಳಿಯ ಮರಿಯಾಗಿದ್ದು ಆ ಹಣ ಮರಳಿ ಬೇಕೆಂದು ಕೇಳಿದರೆ, ಲಸಿಕೆಯ ರಸೀದಿಯಷ್ಟು ಕೊಡಬಹುದು, ಮರಿಯ ಬೆಲೆಯೆಂದು ಕೊಡಬಾರದು ಎಂಬುದು ನನ್ನ ನಿಲುವು. ಬೆಲೆ ಮರಳಿ ಸಿಗುತ್ತದೆಂದು ಗೊತ್ತಾದ ಮನೆ ಮುಂದಿನ ವರ್ಷ ಇನ್ನೊಂದು ಮರಿಯನ್ನು ಅಷ್ಟೇ ಹಗುರವಾಗಿ ತರುತ್ತದೆ.

ಶಾಶ್ವತವಾಗಿ ತಂದುಕೊಳ್ಳುವುದು

ಹಗಲು ಒಬ್ಬರು ಮನೆಯಲ್ಲಿದ್ದು, ನೆರಳಿದ್ದು, ಮನೆಯವರೆಲ್ಲ ಒಪ್ಪಿದ್ದು, ತುರ್ತಿಗೆ ಒಂದಿಷ್ಟು ಹಣ ಬದಿಗಿದ್ದರೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ, ಧೈರ್ಯದಿಂದ ತನ್ನಿ. ಉಳಿಯುವುದು ಈ ಮರಿಯೇ ನಿಮಗೆ ತಕ್ಕುದೇ ಎಂಬ ಪ್ರಶ್ನೆ. ಹಸ್ಕಿಯಂಥ ದಟ್ಟ ಕೂದಲಿನ, ಚಳಿನಾಡಿನ ನಾಯಿಯನ್ನು ಹಗಲಿಡೀ ತಂಪುಗೊಳಿಸಿದ ಕೋಣೆ ಕೊಡಲಾಗದವರು ರಾಯಚೂರಿನಲ್ಲಿ ಸಾಕಲು ಹೊರಡಬಾರದು. ಕರೆಂಟ್ ಹೋದ ಮೇ ತಿಂಗಳ ಮಧ್ಯಾಹ್ನವೊಂದನ್ನು ಮನಸ್ಸಿನಲ್ಲಿ ತಂದುಕೊಂಡು ಈ ಮಾತನ್ನು ಹೇಳುತ್ತಿದ್ದೇನೆ. ಪಗ್, ಶಿಟ್ಜುಗಳಂಥ ಚಪ್ಪಟೆ ಮೂಗಿನ ತಳಿಗಳಿಗೆ ತೇಕಿ ಮೈ ತಂಪು ಮಾಡಿಕೊಳ್ಳುವುದೇ ಕಷ್ಟ, ಆದ್ದರಿಂದ ಗಾತ್ರ ಸಣ್ಣದೆಂದು ಅವು ಸುಲಭವೆನ್ನುವಂತಿಲ್ಲ. ಲ್ಯಾಬ್ರಡಾರ್ ಸ್ವಭಾವದಲ್ಲಿ ಸೌಮ್ಯ, ಆದರೆ ಹೊಟ್ಟೆಬಾಕ, ದಿನಕ್ಕೆರಡು ಸಲ ಓಡಾಟ ಬೇಕು; ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಂದು ವರ್ಷ ತುಂಬುವ ಹೊತ್ತಿಗೆ ಅದು ಮನೆಯನ್ನೇ ತುಂಬುತ್ತದೆ. ಪೊಮೆರೇನಿಯನ್ ಎಂದು ನಮ್ಮಲ್ಲಿ ಕರೆಯುವ ಬಿಳಿ ಸ್ಪಿಟ್ಜ್ ನಾಯಿಗೆ ಜಾಗ ಕಡಿಮೆ ಸಾಕು, ಆದರೆ ಬೊಗಳು ಜಾಸ್ತಿ, ಗೋಡೆಗೆ ಗೋಡೆ ಅಂಟಿದ ಓಣಿಯಲ್ಲಿ ನೆರೆಯವರ ತಾಳ್ಮೆಯನ್ನೂ ಲೆಕ್ಕ ಹಿಡಿಯಬೇಕು.

ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ನಮ್ಮ ಬಿಸಿಲಿಗೆ ಹೊಂದಿದ ತಳಿ. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದಕ್ಕಾಗಿ ಇದೆ, 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿಯನ್ನೂ ಹೊರತಂದಿದೆ. ಆ ಹೆಮ್ಮೆಯಿಂದಲೇ ಹಲವರು ಮರಿ ತಂದು, ಅದು ಬೇಟೆಗೆಂದು ಬೆಳೆಸಿದ ಓಟದ ನಾಯಿಯೆಂಬುದನ್ನು ಮರೆತು, ಗೇಟಿಗೆ ಕಟ್ಟಿ ಹಾಕಿ ಬೇಸರಗೊಂಡು ಕೈಬಿಡುತ್ತಾರೆ. ಸುತ್ತುಗೋಡೆಯಿರುವ ಬಯಲು ಇಲ್ಲದವರು, ಕೋಳಿ, ಕುರಿಮರಿ ಸಾಕಿದವರು ಇದನ್ನು ತರುವ ಮುನ್ನ ಮತ್ತೊಮ್ಮೆ ಯೋಚಿಸಬೇಕು. ಬೀದಿತಾಯಿಯ ಮರಿಯೋ ಮಿಶ್ರತಳಿಯೋ ಆಗಿದ್ದರೆ, ಕಡಿಮೆ ಬಜೆಟ್ಟಿನ ಮನೆಗೆ ನಾನು ಅದನ್ನೇ ಮೊದಲು ಸೂಚಿಸುತ್ತೇನೆ: ಕೂದಲು ಗಿಡ್ಡ, ಊಟ ಮಿತ, ಬಿಸಿಲು ತಡೆಯುವ ಮೈ. ಲಸಿಕೆ ಮಾತ್ರ ಅದಕ್ಕೂ ಅಷ್ಟೇ ಅಗತ್ಯ.

ಬೇಡವಾದ ಮರಿಗಳಲ್ಲಿ ಹೆಣ್ಣುಮರಿಗಳು ಎಷ್ಟಿರುತ್ತವೆ ಎಂಬುದನ್ನು ಗಮನಿಸಿದವರಿಗೆ ಕಾರಣ ಗೊತ್ತು. ಅದು ಮರಿ ಹಾಕುತ್ತದೆಂಬ ಭಯ. ಆರು ತಿಂಗಳಿಂದ ಒಂದು ವರ್ಷದೊಳಗೆ ಮೊದಲ ಸಲ ಬೆದೆಗೆ ಬರುತ್ತದೆ, ಗರ್ಭ ನಿಂತರೆ ಸುಮಾರು 63 ದಿನಕ್ಕೆ ಈಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ಭಯವೂ ಇಲ್ಲ, ಮುಂದೆ ಮೊಲೆಗಳಲ್ಲಿ ಗಡ್ಡೆಯಾಗುವ ಸಂಭವವೂ ತಗ್ಗುತ್ತದೆ. ತಾಲೂಕು ಪಶು ಆಸ್ಪತ್ರೆಗಳಲ್ಲಿ ಹೆಚ್ಚಿನ ಹೊತ್ತು ದನ, ಎಮ್ಮೆ, ಕುರಿಗಳಿಗೇ ಹೋಗುವುದರಿಂದ, ಈ ಶಸ್ತ್ರಚಿಕಿತ್ಸೆಗೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಬಹುದು. ಎಲ್ಲಿ ಮಾಡುತ್ತಾರೆಂಬುದನ್ನು ಮರಿ ತರುವ ಮೊದಲೇ ವಿಚಾರಿಸಿಕೊಂಡರೆ ಹೆಣ್ಣುಮರಿಯನ್ನು ನಿರಾಕರಿಸಲು ಕಾರಣವೇ ಉಳಿಯುವುದಿಲ್ಲ.

ಲಸಿಕೆಯ ಕ್ರಮ ಹೀಗೆ: ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಮುಂತಾದ ಮಾರಕ ರೋಗಗಳ ವಿರುದ್ಧದ ಮೊದಲ ಲಸಿಕೆ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮರುಲಸಿಕೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಮುಂದೆ ವೈದ್ಯರು ಹೇಳಿದಂತೆ ವರ್ಷ ವರ್ಷ. ‘ಒಂದು ಇಂಜೆಕ್ಷನ್ ಆಗ್ಯಾದ’ ಎಂಬ ಮಾತನ್ನು ಪೂರ್ತಿ ಲಸಿಕೆಯೆಂದು ತಿಳಿಯಬಾರದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಗಳು ಕೆಲಸ ಮಾಡದಂತೆ ತಡೆಯಬಹುದು, ಅದಕ್ಕೆಂದೇ ಮತ್ತೆ ಮತ್ತೆ ಹಾಕುವುದು. ಉಣ್ಣಿಗೆಂದು ದನದ ಔಷಧಿಯನ್ನು ಅಂದಾಜಿನಲ್ಲಿ ಹಚ್ಚುವುದು, ಜ್ವರಕ್ಕೆಂದು ಮನುಷ್ಯರ ನೋವಿನ ಮಾತ್ರೆ ನುಂಗಿಸುವುದು ಮರಿಯ ಪ್ರಾಣಕ್ಕೆ ಎರವಾಗಬಲ್ಲವು. ಇನ್ನು, ಲಸಿಕೆಯಾಗದ ಮರಿ ಆಟಕ್ಕೆಂದೇ ಕಚ್ಚಿ ಚರ್ಮ ಸೀಳಿದ್ದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸಣ್ಣ ಮರಿಗೆ ರೇಬಿಸ್ ಇರುವುದಿಲ್ಲವೆಂಬುದು ತಪ್ಪು ತಿಳಿವಳಿಕೆ, ಮತ್ತು ರೋಗ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲ.

ಜೋಡಿಯಾಗಿರಲೆಂದು ಒಂದೇ ಸೂಲಿನ ಎರಡು ಮರಿಗಳನ್ನು ತರುವ ಆಸೆಯನ್ನು ತಡೆದುಕೊಳ್ಳಿ. ಖರ್ಚು ಇಮ್ಮಡಿಯಾಗುವುದಲ್ಲದೆ ಅವು ಒಂದಕ್ಕೊಂದು ಅಂಟಿಕೊಂಡು ಮನೆಯವರ ಮಾತಿಗೆ ಕಿವಿಗೊಡುವುದು ಕಷ್ಟವಾಗುತ್ತದೆ.

ಹೊಲದ ಮನೆಗೆ ಕೊಡಿಸುವುದು

‘ಹೊಲದಾಗ ಇದ್ದರ ಆರಾಮ ಇರ್ತದ’ ಎಂಬ ಮಾತು ಅರ್ಧ ನಿಜ. ಹೊಲದಲ್ಲಿಯೇ ಕುಟುಂಬ ವಾಸವಿದ್ದು, ದನಕರುಗಳ ಜೊತೆ ನಾಯಿಯನ್ನೂ ಮನೆಯ ಜೀವವಾಗಿ ನೋಡುವವರಾದರೆ, ಪೇಟೆಯ ಬಾಡಿಗೆ ಮನೆಗಿಂತ ಅದು ಎಷ್ಟೋ ಮೇಲು: ಗಿಡದ ನೆರಳು, ಓಡಲು ಜಾಗ, ದಿನವಿಡೀ ಜನ. ಆದರೆ ರಾತ್ರಿ ಯಾರೂ ಉಳಿಯದ ಹೊಲಕ್ಕೆ ಕಾವಲಿಗೆಂದು ಮೂರು ತಿಂಗಳ ಮರಿಯನ್ನು ಸರಪಳಿಗೆ ಕಟ್ಟುವುದು ಸಾಕುವುದಲ್ಲ. ಮೆಣಸಿನಕಾಯಿ, ಹತ್ತಿ ಬೆಳೆಗೆ ಹೊಡೆಯುವ ಕ್ರಿಮಿನಾಶಕದ ಡಬ್ಬಿಗಳು, ಭತ್ತದ ಗದ್ದೆಯ ಇಲಿ ಪಾಷಾಣ, ಹಾವು ಇವೆಲ್ಲ ಕಡಿಯುವ, ಮೂಸುವ ವಯಸ್ಸಿನ ಮರಿಗೆ ಅಪಾಯ. ಆನೆಗೊಂದಿ, ಗಂಗಾವತಿ ಭಾಗದ ಬೆಟ್ಟಗಳ ಅಂಚಿನ ಹೊಲಗಳಲ್ಲಿ ಚಿರತೆಯ ಭಯವೂ ಇದೆ, ಕಟ್ಟಿದ ನಾಯಿ ತಪ್ಪಿಸಿಕೊಳ್ಳಲಾರದು. ರಾತ್ರಿ ಒಳಗೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿ. ಅದಕ್ಕೆ ಬರುವ ಉತ್ತರದಿಂದಲೇ ಕೊಡಬೇಕೋ ಬೇಡವೋ ಗೊತ್ತಾಗುತ್ತದೆ.

ನಿರಾಕರಿಸುವುದು

ದಂಪತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ, ಹಸುಗೂಸಿರುವ ಬಾಣಂತಿ ಮನೆ, ಕೆಲವೇ ತಿಂಗಳಲ್ಲಿ ವರ್ಗವಾಗಲಿರುವವರು ‘ಆಗುವುದಿಲ್ಲ’ ಎನ್ನುವುದು ಕಠೋರತನವಲ್ಲ. ಮರಿ ಎರಡನೆಯ ಸಲ ಅನಾಥವಾಗುವುದನ್ನು ಅದು ತಪ್ಪಿಸುತ್ತದೆ. ಆದರೆ ನಿರಾಕರಣೆ ಅಲ್ಲಿಗೇ ಮುಗಿಯಬಾರದು. ಬೀದಿಗೆ ಬಿಟ್ಟ ಮನೆಮರಿಯನ್ನು ಆ ಓಣಿಯ ನಾಯಿಗಳು ಒಳಗೆ ಸೇರಿಸುವುದಿಲ್ಲ, ವಾಹನದ ಅಂದಾಜು ಅದಕ್ಕಿಲ್ಲ, ರೋಗನಿರೋಧಕ ಶಕ್ತಿಯೂ ಇಲ್ಲ. ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಇದಕ್ಕಿರುವ ದಂಡ ಅಲ್ಪ. ಆದರೂ ಇದು ಅಪರಾಧವೆಂಬ ಮಾತನ್ನು ಮೆಲ್ಲಗೆ, ಸ್ಪಷ್ಟವಾಗಿ ತಿಳಿಸಿದರೆ ಎಷ್ಟೋ ಜನ ಹಿಂದೆಗೆಯುತ್ತಾರೆ. ಜೊತೆಗೆ ಮರಿಯ ಒಳ್ಳೆಯ ಚಿತ್ರ ತೆಗೆದು, ವಯಸ್ಸು, ಗಂಡೋ ಹೆಣ್ಣೋ, ಯಾವ ಲಸಿಕೆಯಾಗಿದೆ ಎಂಬುದನ್ನು ಬರೆದು ಪಶುವೈದ್ಯರಿಗೆ, ಬಂಧುಗಳಿಗೆ, ಕಚೇರಿಯವರಿಗೆ ಕಳುಹಿಸುವುದಕ್ಕೆ ನಿಮ್ಮ ಅರ್ಧ ತಾಸು ಸಾಕು. ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ ಒಪ್ಪಿಸುವ ಯೋಚನೆಯನ್ನು ಕೊನೆಗಿಟ್ಟುಕೊಳ್ಳಿ, ಏಕೆಂದರೆ ಹಲವು ನಾಯಿಗಳು ಒಟ್ಟಿಗಿರುವ ಜಾಗದಲ್ಲಿ ಲಸಿಕೆಯಾಗದ ಮರಿಗೆ ಸೋಂಕು ತಗಲುವ ಸಂಭವ ಹೆಚ್ಚು.

ಕೊಡು-ಕೊಳ್ಳುವ ದಿನ

ಯಾವ ಮನೆಗೆ ಹೋದರೂ ಮರಿಯ ಜೊತೆ ನಾಲ್ಕು ವಸ್ತುಗಳು ಹೋಗಬೇಕು: ಲಸಿಕೆಯ ಪುಸ್ತಕ, ಅದು ಮಲಗುತ್ತಿದ್ದ ಬಟ್ಟೆ, ಈಗ ತಿನ್ನುತ್ತಿರುವ ಆಹಾರ ನಾಲ್ಕೈದು ದಿನಕ್ಕಾಗುವಷ್ಟು, ಮತ್ತು ಮರಿಯನ್ನು ಸ್ವಇಚ್ಛೆಯಿಂದ ಕೊಟ್ಟಿದ್ದೇವೆ, ಮುಂದೆ ಮರಳಿ ಕೇಳುವುದಿಲ್ಲ ಎಂದು ದಿನಾಂಕ ಹಾಕಿ ಸಹಿ ಮಾಡಿದ ಒಂದು ಹಾಳೆ. ಬಂಧುಗಳ ನಡುವೆ ಕಾಗದವೇಕೆ ಎಂದು ಅನ್ನಿಸಬಹುದು. ಮರಿ ಬೆಳೆದು ಚೆಂದವಾದ ಮೇಲೆ ‘ನಮ್ಮ ನಾಯಿ’ ಎಂದು ಬರುವವರೂ ಬಂಧುಗಳೇ. ಹೊಸ ಆಹಾರವನ್ನು ಒಮ್ಮೆಲೇ ಹಾಕದೆ, ಹಳೆಯದಕ್ಕೆ ದಿನದಿನಕ್ಕೆ ಹೆಚ್ಚು ಬೆರೆಸುತ್ತ ಒಂದು ವಾರದಲ್ಲಿ ಬದಲಿಸಿ. ಮೊದಲ ಎರಡು ದಿನದೊಳಗೆ, ಬೇರೆ ನಾಯಿಗಳು ಓಡಾಡುವ ನೆಲಕ್ಕೆ ಅದನ್ನು ಇಳಿಸುವ ಮುನ್ನ, ಬುಟ್ಟಿಯಲ್ಲಿಟ್ಟು ಪಶುವೈದ್ಯರಲ್ಲಿಗೆ ಒಯ್ಯಿರಿ. ಬೇಸಿಗೆಯಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಬನ್ನಿ, ಆಸ್ಪತ್ರೆಯ ಅಂಗಳದಲ್ಲಿಯೂ ಅದು ನಿಮ್ಮ ಮಡಿಲಲ್ಲಿಯೇ ಇರಲಿ.